ಬಿಸಿಗೆ ಸೋಲದ ಲೋಳೆ: ಆಳದ ಬಾವಿಗೆ ಸರ್ಫ್ಯಾಕ್ಟೆಂಟ್ ದ್ರವ ಕಟ್ಟುವ ಬಗೆ

ಶಿವಮೊಗ್ಗದಲ್ಲಿ ಕೂತು ಎಣ್ಣೆ ಬಾವಿಯ ಕೆಮಿಸ್ಟ್ರಿ ಯಾಕೆ ಮೇಡಂ ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಮಲೆನಾಡಿನ ಅಡಿಯಲ್ಲಿರುವುದು 250 ಕೋಟಿ ವರ್ಷಕ್ಕೂ ಹಳೆಯ ಗಟ್ಟಿ ಕಲ್ಲು. ಅಲ್ಲಿ ಎಣ್ಣೆಯೂ ಇಲ್ಲ, ಗ್ಯಾಸೂ ಇಲ್ಲ. ಆದರೆ ಇಲ್ಲಿ ಎಂಎಸ್ಸಿ ಮುಗಿಸಿದವರು ಗುಜರಾತಿನ ಖಂಬಾತ್ ಕಡೆಗೋ ರಾಜಸ್ಥಾನದ ಬಾರ್ಮೇರ್‌ಗೋ ಕೆಲಸಕ್ಕೆ ಹೋಗುತ್ತಾರೆ. ಹೋಗದಿದ್ದರೂ ನಷ್ಟವಿಲ್ಲ. ಶಾಂಪೂ ಮಂದವಾಗುವುದೂ ಇದೇ ಲೆಕ್ಕದಲ್ಲಿ. ಹಾಗಾಗಿ ಕಾಲೇಜಿನ ಪ್ರಯೋಗಾಲಯದಲ್ಲಿ ಏನು ಮಾಡಬಹುದು, ಎಲ್ಲಿಂದಾಚೆ ದೊಡ್ಡ ಯಂತ್ರ ಬೇಕು ಅಂತ ಮೊದಲಿಂದ ಬರೆಯುತ್ತೇನೆ.

ವಿಷಯ ಇಷ್ಟು. ಬಾವಿಯ ತಳದ ಬಂಡೆಯನ್ನು ನೀರಿನ ಒತ್ತಡದಿಂದ ಸೀಳುತ್ತಾರೆ. ಸೀಳು ಮತ್ತೆ ಮುಚ್ಚಿಕೊಳ್ಳಬಾರದು ಅಂತ ಅದರೊಳಗೆ ಮರಳು ತುಂಬುತ್ತಾರೆ. ಬರೀ ನೀರು ಮರಳನ್ನು ಹೊತ್ತು ಹೋಗಲ್ಲ, ಮಧ್ಯದಲ್ಲೇ ಇಳಿಸಿಬಿಡುತ್ತದೆ. ಅದಕ್ಕೆ ನೀರನ್ನು ಮಂದ ಮಾಡಬೇಕು. ಹಳೆಯ ದಾರಿ ಗೋರಿಕಾಯಿ ಬೀಜದ ಅಂಟು. ಹೌದು, ನಾವು ಪಲ್ಯ ಮಾಡುವ ಅದೇ ಗೋರಿಕಾಯಿ. ಅದರ ಗಮ್ಮಿಗೆ ಗ್ವಾರ್ ಅಂತಾರೆ, ಬೆಳೆಯುವುದು ಜಾಸ್ತಿ ರಾಜಸ್ಥಾನದಲ್ಲಿ. ಅದು ಒಳ್ಳೆಯ ಅಂಟೇ, ಆದರೆ ಕೆಲಸ ಮುಗಿದ ಮೇಲೆ ಕರಗದ ಚರಟ ಉಳಿಸುತ್ತದೆ. ಚರಟ ಸೀಳಿನಲ್ಲಿ ಕೂತರೆ ಎಣ್ಣೆ ಹೊರಗೆ ಬರುವ ದಾರಿಯೇ ಕಟ್ಟುತ್ತದೆ. ಸರ್ಫ್ಯಾಕ್ಟೆಂಟ್ (ಸೋಪಿನ ಜಾತಿಯ ಅಣು) ಕಟ್ಟುವ ಲೋಳೆ ಹಾಗಲ್ಲ. ಎಣ್ಣೆ ತಾಗಿದ ಕೂಡಲೇ ತಾನೇ ನೀರಾಗುತ್ತದೆ, ಹಿಂದೆ ಏನೂ ಬಿಡುವುದಿಲ್ಲ. ಅದರ ದೊಡ್ಡ ತೊಂದರೆ ಒಂದು. ಬಿಸಿ.

ಮುಂದೆ ಓದುವ ಮೊದಲು ಒಂದು ಮಾತು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಬಿಸಿಗೆ ತೆಳುವಾಗುವುದು ಬೇರೆ, ಬಿಸಿಗೆ ಕೆಡುವುದು ಬೇರೆ. ತೆಳುವಾಗಿದ್ದು ಆರಿದ ಮೇಲೆ ಮತ್ತೆ ಮಂದವಾಗುತ್ತದೆ. ಕೆಟ್ಟಿದ್ದು ವಾಪಸ್ ಬರಲ್ಲ. ಎರಡಕ್ಕೂ ಕಾರಣ ಬೇರೆ, ಪರೀಕ್ಷೆ ಬೇರೆ, ಮದ್ದೂ ಬೇರೆ. ಕೆಲಸ ಕಲಿಯುವ ಕಾಲದಲ್ಲಿ ನಾನು ಎರಡನ್ನೂ ಒಂದೇ ಅಂದುಕೊಂಡಿದ್ದೆ. ಕೆಟ್ಟುಹೋಗುತ್ತಿದ್ದ ದ್ರವಕ್ಕೆ ಉಪ್ಪಿನ ಪ್ರಮಾಣ ಬದಲಿಸುತ್ತಾ ಮೂರು ತಿಂಗಳು ಕಳೆದೆ. ಆ ಮೂರು ತಿಂಗಳು ನಿಮಗೆ ಉಳಿಯಲಿ ಅಂತಲೇ ಇದನ್ನು ಬರೆಯುತ್ತಿರುವುದು.

ಹೆಜ್ಜೆ 1: ಎಷ್ಟು ಬಿಸಿ ಅಂತ ಮೊದಲು ಗೊತ್ತುಮಾಡಿ

ಆಳ ಕೇಳಿ, ಬಿಸಿ ಲೆಕ್ಕ ಹಾಕಿ. ನೆಲದೊಳಗೆ ಹೋದ ಹಾಗೆ ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಮೇಲೆ 30 ಡಿಗ್ರಿ ಇದ್ದರೆ 3 ಕಿಲೋಮೀಟರ್ ಆಳದಲ್ಲಿ 105ರಿಂದ 120. ನಾಲ್ಕಕ್ಕೆ ಇಳಿದರೆ 130ರಿಂದ 150. ಎಷ್ಟು ಹೊತ್ತು ತಾಳಬೇಕು ಅನ್ನುವುದನ್ನೂ ಬರೆದುಕೊಳ್ಳಿ. ಪಂಪಿಂಗ್ ಸಾಮಾನ್ಯವಾಗಿ ಒಂದೆರಡು ಗಂಟೆಯ ಕೆಲಸ. ಗುರಿ ಹೀಗಿರಲಿ: 120 ಡಿಗ್ರಿಯಲ್ಲಿ, ಸೆಕೆಂಡಿಗೆ 100ರ ಶಿಯರ್ ದರದಲ್ಲಿ (ದ್ರವದ ಪದರಗಳು ಒಂದರ ಮೇಲೊಂದು ಜಾರುವ ದರ), ಎರಡು ಗಂಟೆ ಕಾಲ ಸ್ನಿಗ್ಧತೆ (ಮಂದತನದ ಅಳತೆ) 50 ಸೆಂಟಿಪಾಯ್ಸ್‌ಗಿಂತ ಕೆಳಗೆ ಬರಬಾರದು. ಸರ್ಫ್ಯಾಕ್ಟೆಂಟ್ ಲೋಳೆಗೆ ಎಳೆತದ ಗುಣವೂ ಇರುವುದರಿಂದ ಇದಕ್ಕಿಂತ ಕಡಿಮೆಯಲ್ಲೂ ಮರಳು ಹೊರುತ್ತದೆ. ಆದರೂ ಗುರಿ ಬಿಗಿಯಾಗಿರುವುದೇ ಒಳ್ಳೆಯದು.

ಹೆಜ್ಜೆ 2: ಅಣು ಆರಿಸುವುದು

ಸಮಯ ಕೊಡಬೇಕಾದ ಜಾಗ ಇದು.

ಸರ್ಫ್ಯಾಕ್ಟೆಂಟ್ ಅಣುವಿಗೆ ನೀರು ಬೇಕೆನ್ನುವ ತಲೆ, ನೀರು ಬೇಡವೆನ್ನುವ ಬಾಲ. ನೀರಿನಲ್ಲಿ ಇವು ಬಾಲ ಒಳಗೆ, ತಲೆ ಹೊರಗೆ ಮಾಡಿಕೊಂಡು ಗುಂಪು ಕಟ್ಟುತ್ತವೆ. ಅದೇ ಮೈಸೆಲ್. ಗುಂಪು ಉಂಡೆಯಾದರೆ ನೀರು ನೀರಾಗಿಯೇ ಇರುತ್ತದೆ. ಎರೆಹುಳದ ಹಾಗೆ ಉದ್ದ ಬೆಳೆದರೆ ಹುಳಗಳು ಒಂದಕ್ಕೊಂದು ತೊಡರಿಕೊಂಡು ಲೋಳೆಯಾಗುತ್ತದೆ. ದಾಸವಾಳದ ಸೊಪ್ಪು ಕಿವುಚಿದಾಗ ಬರುವ ಲೋಳೆಯಲ್ಲೂ ಉದ್ದನೆಯ ಎಳೆಗಳೇ ಇರುವುದು. ವ್ಯತ್ಯಾಸ ಏನೆಂದರೆ ಸೊಪ್ಪಿನ ಎಳೆ ತುಂಡಾದರೆ ತುಂಡೇ. ಮೈಸೆಲ್ ಹುಳ ತುಂಡಾಗುತ್ತಲೂ ಇರುತ್ತದೆ, ಕೂಡುತ್ತಲೂ ಇರುತ್ತದೆ.

ಆಕಾರವನ್ನು ಮೊದಲೇ ಅಂದಾಜು ಮಾಡಲು ಒಂದು ಸುಲಭ ಲೆಕ್ಕ ಇದೆ. 1976ರಲ್ಲಿ ಇಸ್ರೇಲಾಚ್ವಿಲಿ, ಮಿಚೆಲ್, ನಿನ್‌ಹ್ಯಾಮ್ ಕೊಟ್ಟದ್ದು. ಬಾಲದ ಗಾತ್ರವನ್ನು ಬಾಲದ ಉದ್ದ ಮತ್ತು ತಲೆ ಹಿಡಿಯುವ ಜಾಗ ಎರಡರಿಂದಲೂ ಭಾಗಿಸಿ. ಉತ್ತರ ಮೂರನೇ ಒಂದಕ್ಕಿಂತ ಕಡಿಮೆ ಬಂದರೆ ಉಂಡೆ. ಮೂರನೇ ಒಂದು ಮತ್ತು ಅರ್ಧದ ನಡುವೆ ಬಂದರೆ ಹುಳ. ಅದಕ್ಕೂ ಮೇಲೆ ಹೋದರೆ ಹಾಳೆ. ಬಾಲದ ಲೆಕ್ಕಕ್ಕೆ ಟ್ಯಾನ್‌ಫರ್ಡ್ ಸೂತ್ರ ಇದೆ. ಉದ್ದಕ್ಕೆ 0.154ಕ್ಕೆ ಕಾರ್ಬನ್ ಸಂಖ್ಯೆಯ 0.1265 ಪಟ್ಟು ಕೂಡಿಸಿ, ನ್ಯಾನೋಮೀಟರಿನಲ್ಲಿ ಬರುತ್ತದೆ. ಗಾತ್ರಕ್ಕೆ 0.0274ಕ್ಕೆ 0.0269 ಪಟ್ಟು.

22 ಕಾರ್ಬನ್ನಿನ ಬಾಲಕ್ಕೆ ಹಾಕಿ ನೋಡಿ. ಉದ್ದ 2.94 ನ್ಯಾನೋಮೀಟರ್, ಗಾತ್ರ 0.619 ಘನ ನ್ಯಾನೋಮೀಟರ್. ಹುಳವಾಗಬೇಕಾದರೆ ತಲೆ 0.42ರಿಂದ 0.63 ಚದರ ನ್ಯಾನೋಮೀಟರ್ ಜಾಗ ಹಿಡಿಯಬೇಕು. ಈಗ 16 ಕಾರ್ಬನ್ನಿಗೂ ಹಾಕಿ. ಹೆಚ್ಚುಕಡಿಮೆ ಅದೇ ಉತ್ತರ! ಮೊದಲ ಸಲ ಈ ಲೆಕ್ಕ ಮಾಡಿದಾಗ ನಾನು ಎರಡು ಸಲ ಬರೆದು ನೋಡಿದ್ದೆ. ಬಾಲ ಉದ್ದ ಮಾಡಿದರೆ ಆಕಾರ ಬದಲಾಗುವುದಿಲ್ಲ. ಬದಲಾಗುವುದು ತುದಿಯ ಬೆಲೆ. ಪ್ರತಿ ಹುಳಕ್ಕೂ ಎರಡು ತುದಿ, ತುದಿಯಲ್ಲಿರುವ ಅಣುಗಳಿಗೆ ಅರ್ಧ ಉಂಡೆಯಂತೆ ಬಾಗಿ ಕೂರುವ ಕಷ್ಟ. ಬಿಸಿ ಏರಿದಂತೆ ಆ ಕಷ್ಟ ಹಗುರಾಗುತ್ತದೆ, ಹುಳ ತುಂಡಾಗಿ ತುದಿಗಳು ಹೆಚ್ಚುತ್ತವೆ. ತೆಳುವಾಗುವುದು ಅಂದರೆ ಇದೇ. ಬಾಲ ಉದ್ದವಾದಷ್ಟೂ ತುದಿ ಮಾಡಲು ಬೇಕಾದ ಶಕ್ತಿ ಜಾಸ್ತಿ. ಹಾಗಾಗಿ ಹೆಚ್ಚು ಬಿಸಿಯವರೆಗೂ ಹುಳ ಉದ್ದವಾಗಿ ಉಳಿಯುತ್ತದೆ.

ಹಾಗಾದರೆ 22 ಕಾರ್ಬನ್ನಿನ ನೇರ ಬಾಲ ಹಾಕಿದರೆ ಆಯ್ತಲ್ವಾ ಅಂದರೆ, ಆಗಲ್ಲ. ನೇರ ಬಾಲಗಳು ಒತ್ತಿಕೊಂಡು ಹರಳುಗಟ್ಟುತ್ತವೆ, ತಣ್ಣೀರಿನಲ್ಲಿ ಕರಗುವುದೇ ಇಲ್ಲ. ಬಾಲದ ನಡುವೆ ಒಂದು ಸಿಸ್ ಜೋಡಿ ಬಂಧ ಬೇಕು, ಅದು ಬಾಲಕ್ಕೆ ಒಂದು ಕೊಂಕು ಕೊಡುತ್ತದೆ. ಅಂಥ ಬಾಲ ಎರುಸಿಕ್ ಆಮ್ಲದಲ್ಲಿದೆ, ಆ ಆಮ್ಲ ಸಾಸಿವೆ ಎಣ್ಣೆಯಲ್ಲಿದೆ. 2001ರಲ್ಲಿ ಶ್ರೀನಿವಾಸ ರಾಘವನ್ ಮತ್ತು ಎರಿಕ್ ಕೇಲರ್ ಇದೇ ಬಾಲದ ಸರ್ಫ್ಯಾಕ್ಟೆಂಟಿನ ಗುಣವನ್ನು ವಿವರವಾಗಿ ತೋರಿಸಿದರು.

ತಲೆಯ ವಿಷಯ ಚಿಕ್ಕದು. ಎಸ್ಟರ್ ಇರುವ ಕೊಂಡಿ ಬೇಡ, ಬಿಸಿನೀರಿನಲ್ಲಿ ಬೇಗ ಒಡೆಯುತ್ತದೆ. ಅಮೈಡ್ ಕೊಂಡಿ ಅದಕ್ಕಿಂತ ಗಟ್ಟಿ. ಬಿಟೇನ್ ತಲೆ ಒಳ್ಳೆಯ ಆಯ್ಕೆ. ಪ್ಲಸ್ಸೂ ಮೈನಸ್ಸೂ ಅದರಲ್ಲೇ ಇರುವುದರಿಂದ ನೀರಿನ ಉಪ್ಪಿಗೆ ಅಷ್ಟಾಗಿ ಬಗ್ಗುವುದಿಲ್ಲ.

ಹೆಜ್ಜೆ 3: ಸುಲಭದ ಜೋಡಿಯಿಂದ ಕೈ ಪಳಗಿಸಿ

ನೇರವಾಗಿ 22 ಕಾರ್ಬನ್ನಿಗೆ ಹಾರಬೇಡಿ. ಸಿಟ್ಯಾಬ್ (16 ಕಾರ್ಬನ್ ಬಾಲದ, ಪ್ಲಸ್ ತಲೆಯ ಸರ್ಫ್ಯಾಕ್ಟೆಂಟ್) ಮತ್ತು ಸೋಡಿಯಂ ಸ್ಯಾಲಿಸಿಲೇಟ್ ಅನ್ನುವ ಉಪ್ಪು ಎಲ್ಲಾ ಕಾಲೇಜಿಗೂ ಸಿಗುತ್ತದೆ. ಲೀಟರಿಗೆ 36.4 ಗ್ರಾಂ ಸಿಟ್ಯಾಬ್, ಇನ್ನೊಂದು ಬಾಟಲಿಯಲ್ಲಿ ಲೀಟರಿಗೆ 16 ಗ್ರಾಂ ಸ್ಯಾಲಿಸಿಲೇಟ್. ಎರಡೂ 100 ಮಿಲಿಮೋಲಾರ್. ಐದು ಫ್ಲಾಸ್ಕ್‌ಗೆ ತಲಾ 50 ಮಿಲಿಲೀಟರ್ ಸಿಟ್ಯಾಬ್ ಹಾಕಿ. ಸ್ಯಾಲಿಸಿಲೇಟ್ 10, 20, 30, 40, 50 ಮಿಲಿಲೀಟರ್ ಹಾಕುತ್ತಾ ಹೋಗಿ, ನೀರು ಸೇರಿಸಿ 100 ಮಾಡಿ. ಡಿಸ್ಟಿಲ್ಡ್ ನೀರೇ ಇರಲಿ. ತುಂಗೆಯ ನೀರು ಕುಡಿಯಲು ಎಷ್ಟು ಸೊಗಸಾಗಿದ್ದರೂ ಅಳತೆಯ ಕೆಲಸಕ್ಕೆ ಬೇಡ.

ಫ್ಲಾಸ್ಕನ್ನು ಕೈಯಲ್ಲಿ ಗಿರ್ರನೆ ತಿರುಗಿಸಿ ತಟ್ಟನೆ ನಿಲ್ಲಿಸಿ. ಒಳಗಿನ ಸಣ್ಣ ಗುಳ್ಳೆಗಳನ್ನೇ ನೋಡುತ್ತಿರಿ. ಬರೀ ಮಂದವಾದ ದ್ರವದಲ್ಲಿ ಅವು ನಿಂತುಬಿಡುತ್ತವೆ. ಹುಳ ಬೆಳೆದ ದ್ರವದಲ್ಲಿ ನಿಂತ ಮೇಲೆ ಒಂದು ಕ್ಷಣ ಹಿಂದಕ್ಕೆ ಜಗ್ಗುತ್ತವೆ, ರಬ್ಬರಿಗೆ ಕಟ್ಟಿದ ಹಾಗೆ. ಆ ಜಗ್ಗುವಿಕೆ ಕಂಡ ದಿನ ಹುಡುಗರ ಮುಖ ನೋಡಬೇಕು! ಕಲಿಸುವವರಿಗೆ ಅದಕ್ಕಿಂತ ಖುಷಿ ಬೇರೆ ಇಲ್ಲ.

ಮಲೆನಾಡಿನವರಿಗೆ ಇಲ್ಲೊಂದು ಎಚ್ಚರಿಕೆ. ಸಿಟ್ಯಾಬ್ ಸುಮಾರು 25 ಡಿಗ್ರಿಗಿಂತ ಕೆಳಗೆ ಹರಳಾಗುತ್ತದೆ. ಡಿಸೆಂಬರಿನ ಒಂದು ಬೆಳಿಗ್ಗೆ ಇಬ್ಬರು ಹುಡುಗಿಯರು ಬಾಟಲಿ ಹಿಡಿದು ಓಡಿ ಬಂದರು. "ಮೇಡಂ, ಎಲ್ಲಾ ಹಾಳಾಯ್ತು ಅನ್ಸುತ್ತೆ, ತಳದಲ್ಲಿ ಬೆಳ್ಳಗೆ ಕೂತಿದೆ" ಅಂದರು. ಏನೂ ಹಾಳಾಗಿರಲಿಲ್ಲ. ಬಾಟಲಿಯನ್ನು 40 ಡಿಗ್ರಿಯ ನೀರಿನಲ್ಲಿ ಇಟ್ಟು ಅಲ್ಲಾಡಿಸಿದೆವು, ಹತ್ತು ನಿಮಿಷದಲ್ಲಿ ತಿಳಿಯಾಯಿತು. ಚಳಿಗಾಲದಲ್ಲಿ ಅಳೆಯುವ ಮೊದಲು ಬಾಟಲಿಯನ್ನು ಬೆಚ್ಚಗೆ ಮಾಡಿಕೊಳ್ಳಿ. ಹರಳು ತಳದಲ್ಲಿ ಕೂತಿರುವಾಗ ಮೇಲಿನ ನೀರನ್ನು ಪಿಪೆಟ್‌ನಲ್ಲಿ ತೆಗೆದರೆ ಪ್ರಮಾಣ ಪೂರ್ತಿ ತಪ್ಪುತ್ತದೆ.

ಈ ಜೋಡಿ ಆಳದ ಬಾವಿಗೆ ಆಗುವುದಿಲ್ಲ, ಅಷ್ಟು ಬಿಸಿಗೆ ತೆಳುವಾಗಿಬಿಡುತ್ತದೆ. ಇದು ಕಲಿಯಲಿಕ್ಕೆ ಮಾತ್ರ.

ಹೆಜ್ಜೆ 4: ಎರುಸಿಲ್ ಬಿಟೇನ್ ತಯಾರಿ

ಒಳ್ಳೆಯ ಫ್ಯೂಮ್ ಹುಡ್ ಇಲ್ಲದಿದ್ದರೆ ಈ ಹೆಜ್ಜೆ ಬಿಟ್ಟುಬಿಡಿ, ಸಿದ್ಧ ಸರಕು ಕೊಳ್ಳಿ. ಇಲ್ಲಿ ಬಳಸುವ ಡೈಮಿಥೈಲ್ ಅಮಿನೊ ಪ್ರೊಪೈಲ್ ಅಮೀನ್ ಚರ್ಮವನ್ನು ಸುಡುತ್ತದೆ. ಸೋಡಿಯಂ ಕ್ಲೋರೊ ಅಸಿಟೇಟ್ ವಿಷ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ.

0.1 ಮೋಲ್ ಎರುಸಿಕ್ ಆಮ್ಲ ಅಂದರೆ 33.9 ಗ್ರಾಂ. ಅದನ್ನು ಕರಗಿಸಿ, ನೈಟ್ರೋಜನ್ ಹರಿಸುತ್ತಾ 150ರಿಂದ 160 ಡಿಗ್ರಿಗೆ ತನ್ನಿ. ಅಮೀನ್ 13.3 ಗ್ರಾಂ, ಹನಿ ಹನಿಯಾಗಿ ಬಿಡಿ. ಅಮೀನ್ ಕುದಿಯುವುದೇ ಸುಮಾರು 133 ಡಿಗ್ರಿಗೆ, ಒಮ್ಮೆಲೇ ಸುರಿದರೆ ಆವಿಯಾಗಿ ಹೋಗುತ್ತದೆ. ಹೊರಬರುವ ನೀರನ್ನು ತೆಗೆಯುತ್ತಾ ಎಂಟು ಹತ್ತು ಗಂಟೆ ಬಿಡಿ. ಮುಗಿಯಿತೋ ಇಲ್ಲವೋ ಗಡಿಯಾರ ಹೇಳುವುದಿಲ್ಲ, ಆಮ್ಲದ ಮೌಲ್ಯ (ಒಂದು ಗ್ರಾಮಿನಲ್ಲಿ ಉಳಿದ ಆಮ್ಲವನ್ನು ತಟಸ್ಥ ಮಾಡಲು ಬೇಕಾದ ಕ್ಷಾರ) ಹೇಳುತ್ತದೆ. ಶುದ್ಧ ಎರುಸಿಕ್ ಆಮ್ಲಕ್ಕೆ ಅದು ಗ್ರಾಮಿಗೆ ಸುಮಾರು 166 ಮಿಲಿಗ್ರಾಂ ಪೊಟ್ಯಾಸಿಯಂ ಹೈಡ್ರಾಕ್ಸೈಡ್. 5ಕ್ಕಿಂತ ಕೆಳಗೆ ಬರುವವರೆಗೆ ನಿಲ್ಲಿಸಬೇಡಿ. ಉಳಿದ ಆಮ್ಲ ಗಡಸು ನೀರಿನಲ್ಲಿ ಸೋಪಿನ ಕೆನೆಯಾಗಿ ಮೇಲೆ ತೇಲುತ್ತದೆ. ಬೋರ್‌ವೆಲ್ ನೀರಿನಲ್ಲಿ ಬಟ್ಟೆ ಸೋಪು ಒಡೆಯುವ ಹಾಗೆಯೇ.

ಹೆಚ್ಚಾದ ಅಮೀನನ್ನು ವ್ಯಾಕ್ಯೂಮ್‌ನಲ್ಲಿ ತೆಗೆದು, ಎಥನಾಲ್ ಮತ್ತು ನೀರಿನ ಮಿಶ್ರಣದಲ್ಲಿ ಕರಗಿಸಿ, 12.8 ಗ್ರಾಂ ಸೋಡಿಯಂ ಕ್ಲೋರೊ ಅಸಿಟೇಟ್ ಹಾಕಿ. 80 ಡಿಗ್ರಿ ಆಸುಪಾಸಿನಲ್ಲಿ ಹತ್ತು ಹನ್ನೆರಡು ಗಂಟೆ ರಿಫ್ಲಕ್ಸ್ ಮಾಡಿ. ಪಿಎಚ್ 8ರಿಂದ 9ರಲ್ಲಿರಲಿ.

ಈಗ ಬಹಳ ಜನ ಎಡವುವ ಕಡೆ ಬಂದೆವು. ಒಂದು ಅಣು ಬಿಟೇನ್ ಆದಾಗ ಒಂದು ಅಣು ಅಡುಗೆ ಉಪ್ಪೂ ಹುಟ್ಟುತ್ತದೆ. ಬಿಟೇನಿನ ಅಣುತೂಕ 481, ಉಪ್ಪಿನದು 58.4. ಒಣಗಿಸಿದ ಪುಡಿಯಲ್ಲಿ ನೂರಕ್ಕೆ ಸುಮಾರು 11 ಪಾಲು ಉಪ್ಪೇ. 3 ಶೇಕಡ ಅಂತ ತೂಗಿದರೆ ನಿಜಕ್ಕೂ ಇರುವುದು 2.7ರ ಹತ್ತಿರ. ಸಿಲ್ವರ್ ನೈಟ್ರೇಟ್ ಟೈಟ್ರೇಷನ್ ಮಾಡಿ ಉಪ್ಪನ್ನು ಕಳೆದು ಲೆಕ್ಕ ಹಿಡಿಯಿರಿ. ಇನ್ನೊಂದು, ಈ ಪುಡಿ ತೇವ ಹೀರುತ್ತದೆ. ಆಷಾಢದಲ್ಲಿ ನಮ್ಮ ಕಡೆ ಡಬ್ಬ ಮುಚ್ಚದ ಹಪ್ಪಳ ಎಷ್ಟು ಹೊತ್ತಿಗೆ ಮೆತ್ತಗಾಗುತ್ತದೋ ಅಷ್ಟೇ ಹೊತ್ತು ಸಾಕು. ಡೆಸಿಕೇಟರಿನಿಂದ ತೆಗೆದ ಕೂಡಲೇ ತೂಗಿ.

ಹೆಜ್ಜೆ 5: ದ್ರವ ಕೂಡಿಸುವುದು

ನೂರು ಗ್ರಾಂ ದ್ರವಕ್ಕೆ 3 ಗ್ರಾಂ ಶುದ್ಧ ಬಿಟೇನ್, 4 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, ಉಳಿದದ್ದು ನೀರು. ಪೊಟ್ಯಾಸಿಯಂ ಕ್ಲೋರೈಡ್ ಲೋಳೆಗಾಗಿ ಅಲ್ಲ, ಬಂಡೆಯೊಳಗಿನ ಜೇಡಿ ಉಬ್ಬದಿರಲಿ ಅಂತ. 60 ಡಿಗ್ರಿಯಲ್ಲಿ ನಿಧಾನವಾಗಿ ಕಲಕಿ. ಜೋರಾಗಿ ಕಲಕಿದರೆ ಗಾಳಿ ತುಂಬಿ ನೊರೆಯಾಗುತ್ತದೆ, ನೊರೆ ಇರುವ ದ್ರವದ ಸ್ನಿಗ್ಧತೆ ಸುಳ್ಳು ಹೇಳುತ್ತದೆ. ಮುಚ್ಚಿ ಒಂದು ರಾತ್ರಿ ಬೆಚ್ಚಗಿಡಿ, ಗುಳ್ಳೆ ಏರಿ ಹೋಗಲಿ.

ಹೆಜ್ಜೆ 6: ತೆಳುವಾಗುವುದನ್ನು ಅಳೆಯಿರಿ

90 ಡಿಗ್ರಿಯವರೆಗೆ ಕಾಲೇಜಿನಲ್ಲೇ ಆಗುತ್ತದೆ. ಬ್ರೂಕ್‌ಫೀಲ್ಡ್ ವಿಸ್ಕೋಮೀಟರ್, ಬಿಸಿನೀರು ಹರಿಯುವ ಜಾಕೆಟ್ ಇದ್ದರೆ ಸಾಕು. 30ರಿಂದ ಶುರುಮಾಡಿ ಹತ್ತು ಹತ್ತು ಡಿಗ್ರಿ ಏರಿಸಿ. ಪ್ರತಿ ಕಡೆ ಹದಿನೈದು ನಿಮಿಷ ನಿಲ್ಲಿಸಿ ಓದಿ, ಆಮೇಲೆ ಇಳಿಯುತ್ತಾ ಮತ್ತೆ ಓದಿ. ಇಳಿಯುವಾಗಿನ ಓದು ಬಿಡಬೇಡಿ. ಏರಿದ ಗೆರೆ, ಇಳಿದ ಗೆರೆ ಒಂದರ ಮೇಲೊಂದು ಕೂತರೆ ದ್ರವ ತೆಳುವಾಗಿದೆ ಅಷ್ಟೇ, ಕೆಟ್ಟಿಲ್ಲ.

ಇಲ್ಲಿ ಒಂದು ಮೋಸ ಇದೆ. ಅಡಿಕೆ ಬೇಯಿಸುವ ಹಂಡೆಯಲ್ಲಿ ಚೊಗರು ಗಟ್ಟಿಯಾಗುವುದನ್ನು ನೋಡಿದ್ದೀರಿ ಅಲ್ವಾ? ನೀರು ಹೋಗಿ ಗಟ್ಟಿಯಾಗುವುದು. ತೆರೆದ ಬೀಕರಿನಲ್ಲಿ ನಿಮ್ಮ ದ್ರವಕ್ಕೂ ಅದೇ ಆಗುತ್ತದೆ. ನೀರು ಆವಿಯಾಗಿ ಸರ್ಫ್ಯಾಕ್ಟೆಂಟ್ ಗಾಢವಾಗುತ್ತದೆ, ಬಿಸಿ ತಾಳಿತು ಅಂತ ನೀವು ಸುಮ್ನೆ ಸಂತೋಷಪಡುತ್ತೀರಿ. ಮುಚ್ಚಳ ಹಾಕಿ. ಪಾತ್ರೆಯನ್ನು ಮೊದಲು ಮತ್ತು ಕೊನೆಗೆ ತೂಗಿ. ತೂಕ ನೂರಕ್ಕೆ ಒಂದಕ್ಕಿಂತ ಜಾಸ್ತಿ ಇಳಿದಿದ್ದರೆ ಆ ಓದುಗಳನ್ನು ಬಿಡಿ.

ಬಂದ ಅಂಕಿಗಳನ್ನು ಗ್ರಾಫ್ ಹಾಳೆಗೆ ತನ್ನಿ. ಲಂಬ ಅಕ್ಷದಲ್ಲಿ ಸ್ನಿಗ್ಧತೆಯ ನ್ಯಾಚುರಲ್ ಲಾಗರಿದಮ್ (ln), ಅಡ್ಡದಲ್ಲಿ ಕೆಲ್ವಿನ್ ಉಷ್ಣತೆಯ ವಿಲೋಮ. ತೀರಾ ನಿಧಾನವಾಗಿ ತಿರುಗಿಸಿ ಅಳೆದ ಸ್ನಿಗ್ಧತೆಯನ್ನೇ ತೆಗೆದುಕೊಳ್ಳಿ. ಹುಳದ ದ್ರವ ಸಾಮಾನ್ಯವಾಗಿ ನೇರ ಗೆರೆ ಕೊಡುತ್ತದೆ. ಇಳಿಜಾರನ್ನು 8.314ರಿಂದ ಗುಣಿಸಿದರೆ ಶಕ್ತಿ ಸಿಗುತ್ತದೆ. ಉದಾಹರಣೆಗೆ ಅದು ಮೋಲಿಗೆ 100 ಕಿಲೋಜೌಲ್ ಬಂತು, 90 ಡಿಗ್ರಿಯಲ್ಲಿ ಸ್ನಿಗ್ಧತೆ 1000 ಸೆಂಟಿಪಾಯ್ಸ್ ಇತ್ತು ಅಂದುಕೊಳ್ಳಿ. 120ಕ್ಕೆ ಹೋದರೆ ಹನ್ನೆರಡೂವರೆ ಪಟ್ಟು ಇಳಿದು 80 ಆಗುತ್ತದೆ. ದೊಡ್ಡ ಯಂತ್ರದ ಹತ್ತಿರ ಹೋಗುವ ಮೊದಲೇ ಈ ಅಂದಾಜು ಕೈಯಲ್ಲಿದ್ದರೆ ಯಾವ ದ್ರವ ಹೊತ್ತೊಯ್ಯಬೇಕು ಅಂತ ಗೊತ್ತಾಗುತ್ತದೆ.

ನೂರು ಡಿಗ್ರಿ ದಾಟಲು ಒತ್ತಡದ ಕೋಶ ಇರುವ ರಿಯೋಮೀಟರ್ (ಹರಿವಿನ ಗುಣ ಅಳೆಯುವ ದೊಡ್ಡ ಯಂತ್ರ) ಬೇಕೇ ಬೇಕು. ನಮ್ಮ ಶಿವಮೊಗ್ಗದ ಎತ್ತರದಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. 150 ಡಿಗ್ರಿಯಲ್ಲಿ ನೀರಾವಿಯ ಒತ್ತಡ ಐದು ಬಾರ್‌ಗೆ ಹತ್ತಿರ. ಯಂತ್ರದವರು ನೈಟ್ರೋಜನ್ನಿನಿಂದ ಅದಕ್ಕಿಂತ ಬಹಳ ಮೇಲಿನ ಒತ್ತಡ ಕೊಟ್ಟು ಕುದಿಯದ ಹಾಗೆ ಹಿಡಿಯುತ್ತಾರೆ. ಅಲ್ಲಿ ಸೆಕೆಂಡಿಗೆ 100ರ ಶಿಯರ್ ದರದಲ್ಲಿ ಎರಡು ಗಂಟೆ ಓಡಿಸಲು ಹೇಳಿ.

ಹೆಜ್ಜೆ 7: ಕೆಡುವುದನ್ನು ಅಳೆಯಿರಿ

ಟೆಫ್ಲಾನ್ ಒಳಪದರದ ಸ್ಟೀಲ್ ಆಟೋಕ್ಲೇವ್ ಬಳಸಿ. ಗಾಜಿನ ಬಾಟಲಿಗೆ ಬಿರಡೆ ಬಿಗಿದು ಒವನ್ನಿನಲ್ಲಿ ಯಾವತ್ತೂ ಇಡಬೇಡಿ, ಸಿಡಿಯುತ್ತದೆ. ಆಟೋಕ್ಲೇವನ್ನೂ ಮೂರನೇ ಎರಡು ಪಾಲಿಗಿಂತ ಜಾಸ್ತಿ ತುಂಬಬೇಡಿ. ಪೂರ್ತಿ ಆರುವವರೆಗೆ ಬಿಚ್ಚಬೇಡಿ.

120ರಲ್ಲಿ ಒಂದು ಸಾಲು, 140ರಲ್ಲಿ ಒಂದು ಸಾಲು. ಎರಡು, ನಾಲ್ಕು, ಎಂಟು, ಇಪ್ಪತ್ನಾಲ್ಕು ಗಂಟೆಗೆ ಒಂದೊಂದು ಪಾತ್ರೆ ತೆಗೆಯಿರಿ. ಎಲ್ಲವನ್ನೂ 60 ಡಿಗ್ರಿಗೆ ತಂದು, ಬಿಸಿ ಕಾಣದ ಅದೇ ದ್ರವದ ಪಕ್ಕದಲ್ಲಿಟ್ಟು ಅಳೆಯಿರಿ. ಸ್ನಿಗ್ಧತೆ ಕಡಿಮೆಯಾಗಿದ್ದರೆ ಅದೇ ಕೆಟ್ಟಿದ್ದರ ಗುರುತು. ಪಿಎಚ್ ಕೂಡ ನೋಡಿ. ಇನ್‌ಫ್ರಾರೆಡ್‌ನಲ್ಲಿ 1640ರ ಹತ್ತಿರದ ಅಮೈಡ್ ಗೆರೆ ಇಳಿದು 1710ರ ಹತ್ತಿರ ಆಮ್ಲದ ಗೆರೆ ಎದ್ದರೆ ಕೊಂಡಿ ನೀರಿನಿಂದ ಒಡೆದಿದೆ ಅಂತ ಅರ್ಥ. ಆಗ ಪಿಎಚ್ ಅನ್ನು ತಟಸ್ಥದ ಹತ್ತಿರ ಹಿಡಿದು ಮತ್ತೆ ಮಾಡಿ. ಕೊಂಡಿ ಗಟ್ಟಿಯಿದ್ದೂ ದ್ರವ ಹಳದಿಗೆ ತಿರುಗಿದರೆ ಆಮ್ಲಜನಕವನ್ನು ಅನುಮಾನಿಸಿ, ಜೋಡಿ ಬಂಧಕ್ಕೆ ಅದೇ ಶತ್ರು. ಮುಚ್ಚುವ ಮೊದಲು ನೈಟ್ರೋಜನ್ ಹಾಯಿಸಿ, ಸ್ವಲ್ಪ ಸೋಡಿಯಂ ಥಯೋಸಲ್ಫೇಟ್ ಹಾಕಿ ನೋಡಿ.

ಮಳೆಗಾಲದಲ್ಲಿ ಇಪ್ಪತ್ನಾಲ್ಕು ಗಂಟೆಯ ಸಾಲು ಇಟ್ಟುಕೊಳ್ಳಬೇಡಿ. ಲೈನಿನ ಮೇಲೆ ಮರ ಬಿದ್ದು ಕರೆಂಟ್ ಹೋದರೆ ಒವನ್ ಯಾವಾಗ ಆರಿತು, ಯಾವಾಗ ಮತ್ತೆ ಕಾದಿತು ಅಂತ ತಿಳಿಯುವುದಿಲ್ಲ. ಉಷ್ಣತೆ ಬರೆದುಕೊಳ್ಳುವ ಚಿಕ್ಕ ಲಾಗರ್ ಒಂದನ್ನು ಒಳಗಿಟ್ಟರೆ ನಿಶ್ಚಿಂತೆ.

ಹೆಜ್ಜೆ 8: ಮದ್ದು

ಕೆಟ್ಟಿದ್ದಕ್ಕೆ ಮದ್ದು ಮೇಲೆ ಹೇಳಿದ್ದೇ. ಅದು ಸಾಲದಿದ್ದರೆ ಅಣುವನ್ನೇ ಬದಲಿಸಬೇಕು, ಬೇರೆ ದಾರಿ ಇಲ್ಲ. ತೆಳುವಾಗುವುದಕ್ಕೆ ಮಾತ್ರ ಕೈಯಲ್ಲಿ ಹಲವು ಉಪಾಯಗಳಿವೆ. ಎರಡು ಬಾಲ, ಎರಡು ತಲೆಯ ಜೆಮಿನಿ ಸರ್ಫ್ಯಾಕ್ಟೆಂಟ್ ಸ್ವಲ್ಪ ಬೆರೆಸಬಹುದು. ಮೆಗ್ನೀಸಿಯಂ ಆಕ್ಸೈಡ್ ಅಥವಾ ಜಿಂಕ್ ಆಕ್ಸೈಡಿನ ನ್ಯಾನೋ ಕಣ ಹಾಕಿದರೆ ಹುಳಗಳು ಕಣಕ್ಕೆ ಅಂಟಿಕೊಂಡು ಗಂಟು ಹಾಕಿದಂತೆ ನಿಲ್ಲುತ್ತವೆ. ಪ್ಲಸ್ ತಲೆಯ ಎರುಸಿಲ್ ಸರ್ಫ್ಯಾಕ್ಟೆಂಟಿಗೆ ಹೈಡ್ರಾಕ್ಸಿ ನ್ಯಾಫ್ತೊಯೇಟ್ ಉಪ್ಪು ಹಾಕಿದರೆ ಬಿಸಿ ಏರಿದಂತೆ ಮೊದಲು ಮಂದವಾಗಿ, ಆಮೇಲೆ ತೆಳುವಾಗುತ್ತದೆ. ಕಂಡು ಬೆರಗಾಗುವಂಥದ್ದು. ನನ್ನ ಮಾತು ಕೇಳುವುದಾದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ.

ಹೆಜ್ಜೆ 9: ಮರಳು, ಆಮೇಲೆ ಡೀಸೆಲ್

420ರಿಂದ 850 ಮೈಕ್ರಾನ್ ನಡುವಿನ ಮರಳನ್ನು ಜರಡಿ ಹಿಡಿದು, ಬಿಸಿ ದ್ರವದ ಅಳತೆ ಕೊಳವೆಗೆ ಹಾಕಿ, ಎಷ್ಟು ನಿಮಿಷಕ್ಕೆ ಎಷ್ಟು ಇಳಿಯಿತು ಅಂತ ಬರೆಯಿರಿ. ಇನ್ನೊಂದು ಪಾತ್ರೆಯ ದ್ರವಕ್ಕೆ ನೂರಕ್ಕೆ ಐದು ಪಾಲು ಡೀಸೆಲ್ ಹಾಕಿ 80 ಡಿಗ್ರಿಯಲ್ಲಿಡಿ. ಬೆಂಕಿಯ ಹತ್ತಿರ ಬೇಡ, ನೀರಿನ ಸ್ನಾನದಲ್ಲಿ. ಎಣ್ಣೆ ಹುಳದೊಳಗೆ ಸೇರಿ ಹುಳ ಉಬ್ಬಿ ಉಂಡೆಯಾಗುತ್ತದೆ, ಲೋಳೆ ನೀರಾಗುತ್ತದೆ. 5 ಸೆಂಟಿಪಾಯ್ಸ್‌ಗಿಂತ ಕೆಳಗೆ ಬಂದರೆ ಪಾಸು. ಬಿಸಿಗೆ ಗಟ್ಟಿ ಮಾಡುವ ಭರದಲ್ಲಿ ಒಡೆಯುವ ಗುಣವನ್ನೇ ಕಳೆದುಕೊಂಡ ದ್ರವಗಳನ್ನು ನೋಡಿದ್ದೇನೆ. ಒಣ ಗ್ಯಾಸಿನ ಬಾವಿಯಲ್ಲಿ ತಾಗಲು ಎಣ್ಣೆಯೇ ಇರುವುದಿಲ್ಲ, ಅಲ್ಲಿಗೆ ಬೇರೆ ಬ್ರೇಕರ್ (ಲೋಳೆ ಒಡೆಯುವ ರಾಸಾಯನಿಕ) ಜೊತೆಗೇ ಹೋಗಬೇಕು.

ಹೆಜ್ಜೆ 10: ಸಿಂಕಿಗೆ ಸುರಿಯಬೇಡಿ

ಇದನ್ನು ದಯವಿಟ್ಟು ಪಾಲಿಸಿ. ಸಿಟ್ಯಾಬ್‌ನಂಥ ಪ್ಲಸ್ ತಲೆಯ ಸರ್ಫ್ಯಾಕ್ಟೆಂಟ್ ನೀರಿನ ಜೀವಿಗಳಿಗೆ ಬಲು ವಿಷ. ನಮ್ಮ ಊರಿನ ಚರಂಡಿ ಕೊನೆಗೆ ಸೇರುವುದು ತುಂಗೆಯನ್ನೇ. ತೀರ್ಥಹಳ್ಳಿಯ ಹತ್ತಿರ ಚಿಪ್ಪಲಗುಡ್ಡೆಯಲ್ಲಿ ಮಂಡಕ್ಕಿ ಎಸೆದಾಗ ಗುಂಪಾಗಿ ಮೇಲೆ ಬರುವ ಮೀನುಗಳನ್ನು ನೋಡಿದವರು ಈ ಬಾಟಲಿಯನ್ನು ಸಿಂಕಿಗೆ ಬಗ್ಗಿಸಲಾರರು.

ತೊಳೆದ ನೀರೂ ಸೇರಿದಂತೆ ಎಲ್ಲವನ್ನೂ ಒಂದು ಕ್ಯಾನಿನಲ್ಲಿ ಹಿಡಿಯಿರಿ. ಹತ್ತು ಪಟ್ಟು ನೀರು ಸೇರಿಸಿ ಲೋಳೆ ಬಿಡಿಸಿ. ಬೆಂಟೊನೈಟ್ ಜೇಡಿಯನ್ನು ಹಿಡಿ ಹಿಡಿಯಾಗಿ ಹಾಕಿ ಕಲಕಿ. ಪ್ಲಸ್ ತಲೆಗಳು ಜೇಡಿಗೆ ಕಚ್ಚಿಕೊಂಡು ತಳಕ್ಕೆ ಇಳಿಯುತ್ತವೆ. ಮಾರನೇ ದಿನ ಮೇಲಿನ ತಿಳಿಯನ್ನು ಸ್ವಲ್ಪ ಬಾಟಲಿಗೆ ತೆಗೆದು ಜೋರಾಗಿ ಕುಲುಕಿ. ನೊರೆ ನಿಂತರೆ ಇನ್ನೊಂದು ಹಿಡಿ ಹಾಕಿ, ಮತ್ತೆ ಒಂದು ರಾತ್ರಿ ಬಿಡಿ. ಜೇಡಿಯನ್ನೂ ತಿಳಿಯನ್ನೂ ಬೇರೆ ಬೇರೆ ಕ್ಯಾನಿಗೆ ತುಂಬಿ, ಒಳಗೇನಿದೆ ಅಂತ ಚೀಟಿ ಅಂಟಿಸಿ, ಅಪಾಯಕಾರಿ ತ್ಯಾಜ್ಯ ಒಯ್ಯಲು ಪರವಾನಗಿ ಇರುವವರ ಕೈಗೇ ಕೊಡಿ.